ಸ್ವಭಾವ ಎಷ್ಟು, ಕಾಯಿಲೆ ಎಷ್ಟು: ಬಿಡಿಸಿ ನೋಡಲು ನಾನು ಅಲೆದ ದಾರಿ

ಸದ್ದು, ಬೆಳಕು, ಬೇರೆಯವರ ನೋವು ಉಳಿದವರಿಗಿಂತ ಹೆಚ್ಚು ತಟ್ಟುವ ‘ಅತಿ ಸೂಕ್ಷ್ಮ ಸ್ವಭಾವ’ ಇದೆಯೋ ಇಲ್ಲವೋ ಅಂತ ಎಲ್ಲಿ ಪರೀಕ್ಷೆ ಮಾಡುತ್ತಾರೆ? ಮೊದಲು ಯಾವ ಡಾಕ್ಟರ ಹತ್ತಿರ ಹೋಗಬೇಕು? ಆಫೀಸಿಗೆ ಕೊಡಲು ಒಂದು ಕಾಗದ ಸಿಗುತ್ತದಾ? ಒಂದೂವರೆ ವರ್ಷದ ಹಿಂದೆ ಇದನ್ನೆಲ್ಲ ಕೇಳಲು ನನಗೆ ಯಾರೂ ಇರಲಿಲ್ಲ. ಹೋದ ತಿಂಗಳು ಮನಶ್ಶಾಸ್ತ್ರಜ್ಞೆಯ ಜೊತೆಗಿನ ನನ್ನ ಸೆಷನ್‌ಗಳು ಮುಗಿದವು. ಮೈಸೂರಿನಲ್ಲಿ ಯಾವ ಯಾವ ಬಾಗಿಲು ತಟ್ಟಿದೆ, ಎಲ್ಲಿ ಕಾದೆ, ಎಷ್ಟು ಖರ್ಚಾಯಿತು, ಎಲ್ಲಿ ಧೈರ್ಯಗೆಟ್ಟೆ ಅನ್ನುವುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನನ್ನ ಹಿಂದೆ ಬರುವವರು ಇಷ್ಟು ಸುತ್ತು ಹಾಕುವುದು ಬೇಡ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ಸ್ವಭಾವ ಕಾಯಿಲೆಯಲ್ಲ. ವೈದ್ಯರು ರೋಗ ಗುರುತಿಸಲು ಬಳಸುವ ಐಸಿಡಿ ಪಟ್ಟಿಯಲ್ಲಾಗಲಿ ಡಿಎಸ್‌ಎಂ ಪಟ್ಟಿಯಲ್ಲಾಗಲಿ ಇದು ಇಲ್ಲ. ಹಾಗಾಗಿ ಇದರ ಹೆಸರಿನಲ್ಲಿ ಯಾರೂ ಸರ್ಟಿಫಿಕೇಟ್ ಬರೆದುಕೊಡುವುದಿಲ್ಲ. ಆದರೆ ಈ ಸ್ವಭಾವದ ಮರೆಯಲ್ಲಿ, ಚಿಕಿತ್ಸೆ ಇರುವ ಕಾಯಿಲೆ ಕೂತಿರಬಹುದು. ನನ್ನಲ್ಲಿ ಅಂಥವು ಎರಡಿದ್ದವು. ಎಲ್ಲವನ್ನೂ ಸೇರಿಸಿ ‘ಇವಳಿರೋದೇ ಹೀಗೆ’ ಅಂತ ಒಂದೇ ಗಂಟು ಕಟ್ಟಿ ಇಟ್ಟಾಗಿತ್ತು. ಆ ಗಂಟು ಬಿಚ್ಚುವುದಕ್ಕೇ ಇಷ್ಟು ಕಾಲ ಹಿಡಿಯಿತು.

ನನ್ನದು ಕೆ.ಆರ್. ನಗರದ ಕಡೆಯ ಹಳ್ಳಿ. ಚುಂಚನಕಟ್ಟೆ ಜಾತ್ರೆಗೆ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೋದರೆ ತಮಟೆ ಸದ್ದಿಗೆ ಅವರ ತಲೆಕೂದಲು ಹಿಡಿದು ಅಳುತ್ತಿದ್ದೆನಂತೆ. ಹಬ್ಬಕ್ಕೆ ಹೊಲಿಸಿದ ಲಂಗದ ಜರಿ ಅಂಚು ಚುಚ್ಚುತ್ತದೆ ಅಂತ ಅದನ್ನು ತಿರುವಿ ಹಾಕಿಕೊಳ್ಳುತ್ತಿದ್ದೆ. ಪಕ್ಕದ ಮನೆಯ ಹಸುವಿನ ಕರು ಸತ್ತಾಗ ಆ ಹಸು ರಾತ್ರಿಯೆಲ್ಲ ಕೂಗಿತು. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನೆಂಟರು ‘ಅಳುಮುಂಜಿ’ ಅಂದರು, ‘ಮುಟ್ಟಿದರೆ ಮುನಿ’ ಅಂದರು. ಅಮ್ಮ ಮಾತ್ರ “ಅದರ ಜೀವ ಮೃದು, ಬಿಟ್ಬಿಡಿ ಅದನ್ನ” ಅಂತ ಒಳಗೆ ಕರೆದುಕೊಂಡು ಹೋಗುತ್ತಿದ್ದಳು. ಇದೆಲ್ಲ ಇದ್ದರೂ ಓದಿದೆ, ಬ್ಯಾಂಕ್ ಪರೀಕ್ಷೆ ಬರೆದೆ, ಕೆಲಸ ಸಿಕ್ಕಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಬದುಕು ನಡೆದಿತ್ತು.

ಕಷ್ಟ ಶುರುವಾದದ್ದು ಸಣ್ಣ ಶಾಖೆಯಿಂದ ಪೇಟೆಯ ನಡುವಿನ ದೊಡ್ಡ ಶಾಖೆಗೆ ವರ್ಗವಾದ ಮೇಲೆ. ನನ್ನ ಕೌಂಟರ್ ಮೇಲೆಯೇ ಟೋಕನ್ ನಂಬರ್ ಕೂಗುವ ಸ್ಪೀಕರ್ ಇತ್ತು. ಎಡಗಡೆ ನೋಟು ಎಣಿಸುವ ಮೆಷಿನ್. ಒಂದೊಂದು ಕಟ್ಟು ಹಾಕಿದಾಗಲೂ ಅದರ ‘ಝರ್ರ್’ ಹಲ್ಲಿನ ಬೇರಿಗೆ ತಾಗುತ್ತಿತ್ತು. ತಲೆಯ ಮೇಲೆ ಮಿಣುಕುವ ಟ್ಯೂಬ್‌ಲೈಟ್, ಬೆಳಗಿನ ಪೂಜೆಯ ಊದುಬತ್ತಿ ಹೊಗೆ, ಎದುರಿಗೆ ಸಹಿ ಹೊಂದಿಲ್ಲ ಅಂತ ರೇಗಾಡುವ ಗ್ರಾಹಕ. ಅವರ ಕೋಪವಾಗಲಿ, ಅವರ ಹಿಂದೆ ನಿಂತವರ ಅಸಹನೆಯಾಗಲಿ ಗಾಜಿನ ಆಚೆ ಉಳಿಯುತ್ತಿರಲಿಲ್ಲ. ಸಂಜೆ ಬಸ್ಸಿಳಿಯುವ ಹೊತ್ತಿಗೆ ತಲೆಯ ಬಲಗಡೆ ನೋವು ಬಡಿದುಕೊಳ್ಳುತ್ತಿತ್ತು. ಮನೆಗೆ ಬಂದು ವಾಂತಿ ಮಾಡಿ, ದೀಪ ಆರಿಸಿ ಮಲಗುವುದು. ಅದೇ ಸಮಯಕ್ಕೆ ನಾವು ಬಾಡಿಗೆಗೆ ಹಿಡಿದ ಮನೆ ಒಂದು ಛತ್ರದ ಹಿಂದಿನ ಬೀದಿಯಲ್ಲಿತ್ತು. ಮುಹೂರ್ತದ ತಿಂಗಳುಗಳಲ್ಲಿ ನಿದ್ದೆ ಅನ್ನುವುದೇ ಇರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಎದೆ ಹೊಡೆದುಕೊಂಡು ಎಚ್ಚರವಾಗುತ್ತಿತ್ತು. ಮಗಳು ಶಾಲೆಯ ಸುದ್ದಿ ಹೇಳಲು ಬಂದರೆ “ಆಮೇಲೆ ಪುಟ್ಟಿ” ಅನ್ನುತ್ತಿದ್ದೆ. ಅವಳ ದನಿಯೂ ತಡೆಯಲಾಗುತ್ತಿರಲಿಲ್ಲ ಅನ್ನುವುದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೊದಲು ಹೋದದ್ದು ನಮ್ಮ ಬಡಾವಣೆಯ ಫ್ಯಾಮಿಲಿ ಡಾಕ್ಟರ ಹತ್ತಿರ. ರಕ್ತ ಪರೀಕ್ಷೆ ಬರೆದುಕೊಟ್ಟರು: ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ವಿಟಮಿನ್ ಡಿ. ಲ್ಯಾಬಿನಲ್ಲಿ ಹತ್ತಿರ ಹತ್ತಿರ ಎರಡು ಸಾವಿರ ಆಯಿತು. ಬಿ12 ಕಡಿಮೆ ಇತ್ತು, ಅದಕ್ಕೆ ಮಾತ್ರೆ. ಉಳಿದದ್ದಕ್ಕೆ “ಟೆನ್ಷನ್ ಮಾಡ್ಕೋಬೇಡಿ ಮೇಡಂ, ಸ್ವಲ್ಪ ಯೋಗ ಮಾಡಿ” ಅಂದರು. ಆ ಮಾತು ಕೇಳಿ ಹೊರಗೆ ಬಂದು ಸ್ಕೂಟರ್ ಹತ್ತಿರ ನಿಂತು ಅತ್ತೆ. ಆದರೂ ಈ ಹಂತ ಬಿಡಬೇಡಿ. ಥೈರಾಯ್ಡ್ ಏರುಪೇರಾದರೆ, ರಕ್ತ ಕಡಿಮೆಯಾದರೆ ಎದೆ ಹೊಡೆತ, ಸಿಡಿಮಿಡಿ, ನಿದ್ದೆಗೇಡು ಎಲ್ಲ ಬರುತ್ತವೆ. ಮುಂದೆ ನಾನು ಕಂಡ ಪ್ರತಿಯೊಬ್ಬ ವೈದ್ಯರೂ ಮೊದಲು ಕೇಳಿದ್ದು ಇದೇ ವರದಿಯನ್ನು.

ನಮ್ಮ ಅತ್ತೆ ದೃಷ್ಟಿ ತೆಗೆದರು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಅನ್ನುವುದು ನಮ್ಮ ಕಡೆಯ ನಂಬಿಕೆ. ಮನೆಯೆಲ್ಲ ಘಾಟಾಗಿ ನಾನು ಕೆಮ್ಮಿ ಕೆಮ್ಮಿ ಸುಸ್ತಾದೆ. ಅತ್ತೆ ಕಿಟಕಿ ತೆರೆದು, ಸೆರಗಿನಿಂದ ನನ್ನ ಮುಖ ಒರೆಸಿ, “ಇದು ದೃಷ್ಟಿ ಅಲ್ಲ ಕಣಮ್ಮ. ದೊಡ್ಡ ಡಾಕ್ಟರ್‌ಗೇ ತೋರಿಸು, ಮಗೂನ ನಾನು ನೋಡ್ಕೋತೀನಿ” ಅಂದರು. ಆ ಮಾತು ಬರುವವರೆಗೂ ಮನೆಯಲ್ಲಿ ನನ್ನ ಕಷ್ಟವನ್ನು ಯಾರೂ ಕಷ್ಟ ಅಂತ ಕರೆದಿರಲಿಲ್ಲ.

ಈ ನಡುವೆ ರಾತ್ರಿ ನಿದ್ದೆ ಬಾರದಾಗ ಫೋನಿನಲ್ಲಿ ಓದತೊಡಗಿದೆ. ಎಲೈನ್ ಆರನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ 1990ರ ದಶಕದಲ್ಲಿ ಈ ಸ್ವಭಾವದ ಅಧ್ಯಯನ ಶುರು ಮಾಡಿದರು. 1997ರಲ್ಲಿ ಗಂಡ ಆರ್ಥರ್ ಆರನ್ ಜೊತೆ ಸೇರಿ 27 ಪ್ರಶ್ನೆಗಳ ಅಳತೆಗೋಲು ಪ್ರಕಟಿಸಿದರು. ಜೋರು ಸದ್ದು ಕಾಡುತ್ತದಾ, ಬೇರೆಯವರ ಮನಸ್ಥಿತಿ ನಿಮಗೆ ತಟ್ಟುತ್ತದಾ, ಒಂದೇ ಹೊತ್ತಿಗೆ ಹಲವು ಕೆಲಸ ಬಿದ್ದರೆ ಕಂಗಾಲಾಗುತ್ತೀರಾ, ಒಳ್ಳೆಯ ಸಂಗೀತ ಒಳಗಿನವರೆಗೆ ಇಳಿಯುತ್ತದಾ, ಇಂಥ ಪ್ರಶ್ನೆಗಳು. ನೂರಕ್ಕೆ ಹದಿನೈದರಿಂದ ಇಪ್ಪತ್ತು ಜನ ಹೀಗಿರುತ್ತಾರೆ ಎನ್ನುವುದು ಆರನ್ ಅವರ ಅಂದಾಜು. 2018ರಲ್ಲಿ ಬಂದ ಇನ್ನೊಂದು ಅಧ್ಯಯನ ಜನರನ್ನು ಹೆಚ್ಚು, ಮಧ್ಯಮ, ಕಡಿಮೆ ಅಂತ ಮೂರು ಗುಂಪು ಮಾಡಿತು; ಹೆಚ್ಚು ಸೂಕ್ಷ್ಮರ ಗುಂಪು ಸುಮಾರು 30% ಇತ್ತು. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನದ ಪ್ರಕಾರ, ಸೂಕ್ಷ್ಮತೆಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ವಂಶವಾಹಿಗಳಿಂದ ಬರುತ್ತದೆ. ಓದುತ್ತಾ ಓದುತ್ತಾ ಎದೆಯ ಮೇಲಿನ ಭಾರ ಇಳಿದಂತಾಯಿತು. ಆ 27ರಲ್ಲಿ ಬಹುತೇಕ ಎಲ್ಲಕ್ಕೂ ನನ್ನ ಉತ್ತರ ಹೌದು.

ಆದರೆ ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ‘ಜೋರು ಸದ್ದು, ಕಣ್ಣು ಕುಕ್ಕುವ ಬೆಳಕು ತಡೆಯಲಾಗುವುದಿಲ್ಲ’ ಅನ್ನುವುದಕ್ಕೆ ಮೈಗ್ರೇನ್ ಇರುವವರೂ ಹೌದು ಅನ್ನುತ್ತಾರೆ. ಆತಂಕದ ಕಾಯಿಲೆ ಇರುವವರೂ ಅನ್ನುತ್ತಾರೆ. ಆಟಿಸಂ (ಬೇರೆಯವರ ಜೊತೆ ಬೆರೆಯುವ, ಮಾತಾಡುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವುದು), ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದಿರುವುದು, ಚಡಪಡಿಕೆ) ಇರುವ ದೊಡ್ಡವರೂ ಅನ್ನುತ್ತಾರೆ. ಫೋನಿನಲ್ಲಿ ಬಂದ ಅಂಕ ನೋಡಿ ‘ಸಿಕ್ಕಿತು’ ಅಂತ ಅಲ್ಲಿಗೇ ನಿಂತುಬಿಟ್ಟಿದ್ದರೆ ನನ್ನ ತಲೆನೋವು ಇವತ್ತಿಗೂ ಹಾಗೇ ಇರುತ್ತಿತ್ತು.

ಸದ್ದಿನ ತೊಂದರೆ ಎಲ್ಲಕ್ಕಿಂತ ಹೆಚ್ಚಿದ್ದರಿಂದ ಕಿವಿ ತೋರಿಸೋಣ ಅನಿಸಿತು. ಮೈಸೂರಿನವರಿಗೆ ಈ ವಿಷಯದಲ್ಲಿ ಪುಣ್ಯವಿದೆ. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರದ್ದು, ಖರ್ಚು ಖಾಸಗಿ ಕಡೆಗಿಂತ ತುಂಬ ಕಡಿಮೆ. ಅಲ್ಲಿ ಮನಶ್ಶಾಸ್ತ್ರ ವಿಭಾಗವೂ ಇದೆ. ಗುರುತಿನ ಚೀಟಿ, ಹಳೆಯ ವರದಿ ಹಿಡಿದು ಬೆಳಿಗ್ಗೆಯೇ ಹೋಗಿ. ಒಂದು ವಿಭಾಗದಿಂದ ಇನ್ನೊಂದಕ್ಕೆ ಕಳಿಸುತ್ತಾರೆ, ಅರ್ಧ ದಿನದ ರಜೆ ಸಾಲದು.

ಸದ್ದು ಒಳಗೆ ಬಾರದ ಸಣ್ಣ ಕೋಣೆಯಲ್ಲಿ ಕೂರಿಸಿ ಬಾಗಿಲು ಮುಚ್ಚಿದರು. ದಪ್ಪ ಬಾಗಿಲು. ಮುಚ್ಚಿದ ಕೂಡಲೇ ಫ್ಯಾನಿಲ್ಲ, ಕಾರಿಡಾರಿಲ್ಲ, ಊರೇ ಇಲ್ಲ. ನನ್ನ ಸೀರೆ ಕುರ್ಚಿಗೆ ತಾಗುವ ಸದ್ದು, ನನ್ನ ಉಸಿರು, ಎಂಜಲು ನುಂಗಿದ್ದು ಎಲ್ಲ ಕೇಳಿಸಿತು. ಅಷ್ಟು ತಿಂಗಳಲ್ಲಿ ಮೊದಲ ಸಲ ಭುಜ ತಾನಾಗಿ ಕೆಳಗಿಳಿಯಿತು. ಹೆಡ್‌ಫೋನಿನಲ್ಲಿ ಸಣ್ಣ ‘ಕುಂಯ್’ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಅದಾದ ಮೇಲೆ ಸದ್ದನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ತಡೆಯಲಾಗದ ಮಟ್ಟ ಬಂದ ತಕ್ಷಣ ಕೈ ಎತ್ತಲು ಹೇಳಿದರು. ನನ್ನ ಕೈ ಬೇಗ ಎದ್ದಿತು. ಕಿವಿ ಚೆನ್ನಾಗಿದೆ, ಸದ್ದು ಸಹಿಸುವ ಮಟ್ಟ ಸಾಮಾನ್ಯಕ್ಕಿಂತ ಕಡಿಮೆ ಇದೆ ಅಂತ ವರದಿ ಬಂತು. ಅಷ್ಟು ದಿನ ನಾನು ‘ಸುಮ್ಮನೆ ಹೇಳುತ್ತಿದ್ದ’ ಸಂಗತಿಗೆ ಕಾಗದದ ಮೇಲೆ ಒಂದು ಗೆರೆ ಬಿತ್ತು.

ಅಲ್ಲಿ ಕಲಿತ ಬಹಳ ಉಪಯೋಗದ ಸಂಗತಿ ಇಯರ್‌ಪ್ಲಗ್ ಬಗ್ಗೆ. ನಾನು ಅದನ್ನು ದಿನವಿಡೀ ಹಾಕಿಕೊಳ್ಳುತ್ತಿದ್ದೆ. ಹಾಗೆ ಮಾಡಿದರೆ ಮಿದುಳು ಮೌನಕ್ಕೆ ಒಗ್ಗಿಕೊಂಡು, ಪ್ಲಗ್ ತೆಗೆದಾಗ ಸಾಧಾರಣ ಸದ್ದೂ ಇನ್ನಷ್ಟು ಜೋರಾಗಿ ತಟ್ಟುತ್ತದಂತೆ. ಮೆರವಣಿಗೆ, ಪಟಾಕಿ, ಡ್ರಿಲ್ಲಿಂಗ್ ಇದ್ದಾಗ ಹಾಕಿಕೊಳ್ಳಿ. ಮನೆಯಲ್ಲಿ, ಮಾತಾಡುವಾಗ ಬೇಡ ಅಂದರು. ಮಲಗುವಾಗ ಫ್ಯಾನಿನಂಥ ಒಂದೇ ಸಮನೆಯ ಮೆಲುಸದ್ದು ಇರಲಿ ಅಂತಲೂ ಹೇಳಿದರು.

ಮುಂದಿನದು ನರರೋಗ ತಜ್ಞರು. ಖಾಸಗಿ, ಫೀಸು 800 ರೂಪಾಯಿ, ಅಪಾಯಿಂಟ್‌ಮೆಂಟ್ ಸಿಗಲು ವಾರಗಳು. ಒಳಗೆ ಸಿಕ್ಕಿದ್ದು ಹತ್ತು ನಿಮಿಷವಾದರೂ ಪ್ರಶ್ನೆಗಳು ಹರಿತವಾಗಿದ್ದವು. ಒಂದೇ ಕಡೆ ಬಡಿಯುತ್ತದಾ? ಮೆಟ್ಟಿಲು ಹತ್ತಿದರೆ ಹೆಚ್ಚುತ್ತದಾ? ಬೆಳಕು, ವಾಸನೆ ಬೇಡವಾಗುತ್ತದಾ? ಮುಟ್ಟಿನ ಸುತ್ತ ಬರುತ್ತದಾ? ಉಪವಾಸ ಮಾಡಿದ ದಿನ? ಮೈಗ್ರೇನ್ ಅಂದರು. ಬರೀ ‘ತಲೆನೋವು’ ಅಂತ ನಾನು ಕರೆಯುತ್ತಿದ್ದದ್ದಕ್ಕೆ ಹೆಸರು, ಮದ್ದು ಎರಡೂ ಇದ್ದವು. ನೆಂಟರೆಲ್ಲ ಎಂಆರ್‌ಐ ಮಾಡಿಸು ಅಂತ ಹಿಂದೆ ಬಿದ್ದಿದ್ದರು. ಪರೀಕ್ಷೆ ಮಾಡಿ ನೋಡಿದ ಡಾಕ್ಟರು ನನ್ನ ಲಕ್ಷಣಕ್ಕೆ ಅದು ಬೇಡ ಅಂದದ್ದರಿಂದ ಅಷ್ಟು ಹಣ ಉಳಿಯಿತು. ಇನ್ನೊಂದು ಎಚ್ಚರಿಕೆ ಕೊಟ್ಟರು: ಮೆಡಿಕಲ್ ಶಾಪಿನ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ನುಂಗುತ್ತಾ ಹೋದರೆ ಆ ಮಾತ್ರೆಯಿಂದಲೇ ತಲೆನೋವು ಬರಬಹುದು, ಕೆಲವು ಬಗೆಯ ಮಾತ್ರೆಗೆ ಹತ್ತೇ ದಿನ ಸಾಕು. ತಲೆನೋವಿನ ಡೈರಿ ಬರೆಯಲು ಹೇಳಿದರು: ದಿನಾಂಕ, ಯಾವಾಗ ಶುರು, ಹಿಂದಿನ ರಾತ್ರಿ ನಿದ್ದೆ, ಊಟ ತಪ್ಪಿತ್ತಾ, ಯಾವ ಮಾತ್ರೆ. ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆದೆ. ನೀವು ಯಾವ ಡಾಕ್ಟರನ್ನೂ ಕಾಣುವ ಮೊದಲೇ ಇದನ್ನು ಶುರು ಮಾಡಿ. ಒಂದು ತಿಂಗಳ ಡೈರಿ ಕೈಯಲ್ಲಿದ್ದರೆ ಆ ಹತ್ತು ನಿಮಿಷ ವ್ಯರ್ಥವಾಗುವುದಿಲ್ಲ. ತಡೆಗಟ್ಟುವ ಮಾತ್ರೆ ಹಿಡಿದ ಮೇಲೆ ನೋವು ಬರುವ ದಿನಗಳು ಎದ್ದು ಕಾಣುವಷ್ಟು ಕಡಿಮೆಯಾದವು. ಊದುಬತ್ತಿ ವಾಸನೆಯೂ ಮೊದಲಿನಷ್ಟು ಕಾಡದಾಯಿತು. ಹುಟ್ಟುಗುಣ ಅಂದುಕೊಂಡದ್ದರಲ್ಲಿ ಒಂದಷ್ಟು ಹೀಗೆ ಕಳಚಿತು.

ಎದೆ ಹೊಡೆತ, ಮೂರು ಗಂಟೆಯ ಎಚ್ಚರ ಮಾತ್ರ ಹೋಗಲಿಲ್ಲ. ಮನೋವೈದ್ಯರನ್ನು ನೋಡಿ ಅಂತ ನರರೋಗ ತಜ್ಞರೇ ಚೀಟಿ ಬರೆದರು. ಆ ಚೀಟಿ ಪರ್ಸಿನಲ್ಲಿ ಬಹಳ ದಿನ ಮಡಿಸಿಕೊಂಡೇ ಇತ್ತು. ಕ್ಲಿನಿಕ್ಕಿನ ಮೆಟ್ಟಿಲ ಹತ್ತಿರ ಬ್ಯಾಂಕಿನ ಗ್ರಾಹಕರು ಯಾರಾದರೂ ನೋಡಿಬಿಟ್ಟರೆ? ಮಗಳ ಮದುವೆ ಕಾಲಕ್ಕೆ ಯಾರಾದರೂ ಎತ್ತಿ ಆಡಿದರೆ? ಇನ್ನೂ ಮೂರನೇ ಕ್ಲಾಸಿನ ಮಗು ಅವಳು. ಆದರೂ ಮನಸ್ಸು ಅಲ್ಲಿಯವರೆಗೆ ಓಡಿತ್ತು. ಒಂದು ರಾತ್ರಿ ತಡೆಯಲಾರದೆ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯಿದ್ದ ಹೆಣ್ಣುಮಗಳು “ಅಕ್ಕಾ, ನಿಧಾನಕ್ಕೆ ಹೇಳಿ, ನಾನು ಕೇಳ್ತಾ ಇದೀನಿ” ಅಂದಳು. ಹೇಳಿಕೊಂಡ ಮೇಲೆ, ನಾಳೆಯೇ ಹೋಗಿ ಅಂತ ಧೈರ್ಯ ತುಂಬಿದಳು. ಹೋದೆ.

ಮನೋವೈದ್ಯರು (ಫೀಸು 700, ನಂತರದ ಭೇಟಿಗೆ 500) ಬಹಳ ಹೊತ್ತು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಥರ ಕೇಳಿದರು: ಇದು ಮೊದಲಿನಿಂದ ಇದ್ದದ್ದಾ, ಇತ್ತೀಚೆಗೆ ಬಂದದ್ದಾ? ಜರಿ ಚುಚ್ಚುವುದು? ಮೊದಲಿನಿಂದ. ಬೇರೆಯವರ ನೋವಿಗೆ ಕಣ್ಣೀರು? ಮೊದಲಿನಿಂದ. ಬೆಳಗಿನ ಜಾವದ ಎದೆ ಹೊಡೆತ? ವರ್ಗವಾದ ಮೇಲೆ. ಭಾನುವಾರ ಸಂಜೆಯಿಂದಲೇ ಕೈ ತಣ್ಣಗಾಗುವುದು? ವರ್ಗವಾದ ಮೇಲೆ. ಅವರು ಕಾಗದದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು ಎಡಕ್ಕೆ ಕೆಲವು, ಬಲಕ್ಕೆ ಕೆಲವು ಬರೆದು ನನ್ನ ಕಡೆ ತಿರುಗಿಸಿದರು. “ಈ ಎಡಗಡೆಯದಕ್ಕೆ ನನ್ನ ಹತ್ರ ಮಾತ್ರೆ ಇಲ್ಲಮ್ಮ, ಬೇಕಾಗೂ ಇಲ್ಲ. ಅದು ನೀವು. ಬಲಗಡೆಯದು ಆತಂಕ. ಇದನ್ನ ವಾಸಿ ಮಾಡೋಣ.” ಆ ಹಾಳೆ ಕೇಳಿ ತಂದೆ. ಈಗಲೂ ನನ್ನ ಫೈಲಿನಲ್ಲಿ ಎಲ್ಲಕ್ಕಿಂತ ಮೇಲಿದೆ.

ನಿಮಗೂ ಇದೇ ಗೊಂದಲವಿದ್ದರೆ ಮನೆಯಲ್ಲೇ ಈ ಗೆರೆ ಎಳೆದು ನೋಡಿ, ಬೇಕಿದ್ದರೆ ಅಮ್ಮನನ್ನೋ ಅಣ್ಣನನ್ನೋ ಕೇಳಿ. ವೈದ್ಯರಿಗೆ ಅದು ಬಹಳ ನೆರವಾಗುತ್ತದೆ.

ಆತಂಕಕ್ಕೆ ಅವರು ಕೊಟ್ಟ ಮಾತ್ರೆಯ ಬಗ್ಗೆ ಎರಡು ಮಾತು. ಮೊದಲ ಕೆಲವು ದಿನ ಹೊಟ್ಟೆ ತೊಳೆಸುತ್ತದೆ, ಗುಣ ಕಾಣಲು ಕೆಲವು ವಾರ ಬೇಕು ಅಂತ ಮೊದಲೇ ಹೇಳಿದ್ದರು, ಹಾಗೇ ಆಯಿತು. ಚೆನ್ನಾಗಾಯಿತು ಅಂತ ನಾವಾಗಿ ಥಟ್ಟನೆ ನಿಲ್ಲಿಸಬಾರದು, ಅವರೇ ಇಳಿಸುತ್ತಾ ಬರುತ್ತಾರೆ. ಹಣದ ತೊಂದರೆ ಇರುವವರು ಮೈಸೂರಿನ ಸರ್ಕಾರಿ ಕೆ.ಆರ್. ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಬಹುದು, ಬೇರೆ ಊರಿನವರು ತಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಬಹುದು.

ಮಾತಿನ ಚಿಕಿತ್ಸೆಯೂ ಬೇಕು ಅಂದಾಗ ಜಾಲತಾಣದಲ್ಲಿ ಹುಡುಕಿದೆ. ‘ಸೂಕ್ಷ್ಮತೆಯನ್ನೇ ಶಕ್ತಿ ಮಾಡಿಕೊಳ್ಳಿ’ ಅಂತ 25 ಸಾವಿರದ ಪ್ಯಾಕೇಜ್ ಹಿಡಿದುಕೊಂಡು ಒಬ್ಬರು ಮೇಲಿಂದ ಮೇಲೆ ಮೆಸೇಜ್ ಮಾಡಿದರು. ನಿಮ್ಮ ಆರ್‌ಸಿಐ ನೋಂದಣಿ ಸಂಖ್ಯೆ ಏನು ಅಂತ ಕೇಳಿದ ಮೇಲೆ ಉತ್ತರ ನಿಂತುಹೋಯಿತು. ಇದನ್ನು ದಯವಿಟ್ಟು ನೆನಪಿಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಾಯಿಸಿರಬೇಕು. ಅದರ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಸಂಖ್ಯೆ ಕೇಳಿದರೆ ಒಳ್ಳೆಯವರು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನನಗೆ ಸಿಕ್ಕ ಮನಶ್ಶಾಸ್ತ್ರಜ್ಞೆ ಮನೋವೈದ್ಯರೇ ಹೇಳಿದವರು. ಒಂದು ಸೆಷನ್ನಿಗೆ 1,200 ರೂಪಾಯಿ, ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು. ಪ್ರಶ್ನಾವಳಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಬ್ಯಾಂಕಿನ ಇಂಗ್ಲಿಷ್ ನನಗೆ ಬರುತ್ತದೆ, ಆದರೆ ಒಳಗಿನ ಸಂಕಟವನ್ನು ಆ ಭಾಷೆಯಲ್ಲಿ ತೂಗಿ ಹೇಳಲು ಬರುವುದಿಲ್ಲ. ಕೇಳಿಕೊಂಡೆ, ಒಂದೊಂದನ್ನೂ ಕನ್ನಡದಲ್ಲಿ ಹೇಳಿ, ಉದಾಹರಣೆ ಕೊಟ್ಟು, ಉತ್ತರ ಬರೆದುಕೊಂಡರು. ಸಮಯ ಹೆಚ್ಚು ಹಿಡಿಯಿತು, ಹಣವೂ. ಆದರೂ ಈ ವಿಷಯದಲ್ಲಿ ಸಂಕೋಚ ಬೇಡ.

ಆಟಿಸಂ ಇರಬಹುದೇ ಅನ್ನುವುದನ್ನೂ ಅವರು ಬಿಡದೆ ನೋಡಿದರು. ಹೆಂಗಸರಲ್ಲಿ ಅದು ಎಷ್ಟೋ ಸಲ ವಯಸ್ಸಾಗುವವರೆಗೂ ಗೊತ್ತೇ ಆಗುವುದಿಲ್ಲವಂತೆ. ಅದಕ್ಕೆ ಚಿಕ್ಕಂದಿನ ವಿವರ ಬೇಕಿತ್ತು, ಅಮ್ಮನನ್ನು ಊರಿಂದ ಕರೆಸಿದೆ. ಅಮ್ಮ ಚೀಲದಲ್ಲಿ ಮನೆಯ ನುಗ್ಗೇಕಾಯಿ ಹಿಡಿದುಕೊಂಡೇ ಕ್ಲಿನಿಕ್ಕಿಗೆ ಬಂದಳು. ಯಾವಾಗ ಮಾತು ಬಂತು, ಯಾರ ಜೊತೆ ಆಡುತ್ತಿದ್ದಳು, ಹೇಗೆ ಆಡುತ್ತಿದ್ದಳು, ಎಲ್ಲ ಹೇಳಿದಳು. ಕೊನೆಗೆ, ಕೇಳದೇ ಇದ್ದದ್ದನ್ನೂ ಹೇಳಿದಳು: “ನಾನೂ ಹಿಂಗೇ ಮೇಡಂ. ಸಾವಿನ ಮನೆಗೆ ಹೋದ್ರೆ ವಾರ ಮಲಗ್ತಿರ್ಲಿಲ್ಲ. ನಮಗೆಲ್ಲ ಕೇಳೋರು ಯಾರಿದ್ರು? ಕೊಟ್ಟಿಗೇಲಿ ಹೋಗಿ ಕೂತ್ಕೋತಿದ್ದೆ.” ನಲವತ್ತು ವರ್ಷ ಆ ಕೊಟ್ಟಿಗೆಯಲ್ಲಿ ಅಮ್ಮ ಯಾಕೆ ಅಷ್ಟು ಹೊತ್ತು ಇರುತ್ತಿದ್ದಳು ಅನ್ನುವುದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಕೊನೆಗೆ ಅವರು ಹೇಳಿದ್ದು: ಆಟಿಸಂ ಇಲ್ಲ, ಎಡಿಎಚ್‌ಡಿ ಇಲ್ಲ. ಆತಂಕ ಇತ್ತು, ಇಳಿಯುತ್ತಿದೆ. ಉಳಿದದ್ದು ಹೆಚ್ಚು ಸೂಕ್ಷ್ಮವಾದ ಸ್ವಭಾವ. ಇಂಥವರನ್ನು ಕೆಟ್ಟ ವಾತಾವರಣ ಉಳಿದವರಿಗಿಂತ ಹೆಚ್ಚು ಕುಗ್ಗಿಸುತ್ತದೆ, ಒಳ್ಳೆಯ ವಾತಾವರಣ ಹೆಚ್ಚು ಅರಳಿಸುತ್ತದೆ. ಇಂಗ್ಲೆಂಡಿನ ಒಂದು ಶಾಲೆಯ ಹುಡುಗಿಯರಿಗೆ ಖಿನ್ನತೆ ಬಾರದಂತೆ ತರಬೇತಿ ಕೊಟ್ಟು ನೋಡಿದ ಅಧ್ಯಯನ 2015ರಲ್ಲಿ ಬಂದಿದೆ. ಅದರ ಲಾಭ ಉಳಿದದ್ದು ಹೆಚ್ಚು ಸೂಕ್ಷ್ಮರಾದ ಹುಡುಗಿಯರಲ್ಲಿ. ಅಂದರೆ ಸರಿಯಾದ ನೆರವು ನಮ್ಮಂಥವರಿಗೆ ಚೆನ್ನಾಗಿಯೇ ನಾಟುತ್ತದೆ.

“ಈ ಸ್ವಭಾವದಿಂದ ಯಾರಿಗಾದರೂ ಒಳ್ಳೇದಾಗಿದೆಯಾ?” ಅಂತ ಒಮ್ಮೆ ಕೇಳಿದರು. ಆಗ ನೆನಪಾದದ್ದು ಹಿಂದಿನ ನವೆಂಬರ್. ಪಿಂಚಣಿದಾರರು ಜೀವನ ಪ್ರಮಾಣ ಪತ್ರ ಕೊಡಲು ಬರುವ ತಿಂಗಳು. ಒಬ್ಬರು ಅಜ್ಜಿ, ಜೊತೆಗೆ ಮಗ. ಕೆಲಸ ಪ್ರಮಾಣ ಪತ್ರದ್ದು, ಆದರೆ ಮಗ ಹಣ ತೆಗೆಯುವ ಚೀಟಿಯನ್ನೂ ತುಂಬಿಸಿ ತಂದಿದ್ದ, ಖಾತೆಯಲ್ಲಿ ಇದ್ದಷ್ಟೂ. ಮಾತೆಲ್ಲ ಮೆತ್ತಗೇ ಇತ್ತು, “ಅವ್ವಾ, ಇಲ್ಲಿ ಹೆಬ್ಬೆಟ್ಟು ಒತ್ತು” ಅಂತ. ಅಜ್ಜಿಯ ಎಡಗೈ ಮಾತ್ರ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದಿತ್ತು, ಬೆರಳ ತುದಿ ಬೆಳ್ಳಗಾಗಿತ್ತು. ನನಗೆ ಮೈ ಜುಮ್ಮೆಂದಿತು. “ಅಜ್ಜಿ ಬೆರಳು ಮೆಷಿನ್ನಿಗೆ ಕೂರ್ತಿಲ್ಲ, ಒಳಗೆ ಬರಲಿ, ನೀವು ಇಲ್ಲೇ ಇರಿ” ಅಂತ ಅವರನ್ನು ಮ್ಯಾನೇಜರ್ ಕೋಣೆಗೆ ಕರೆದುಕೊಂಡು ಹೋದೆ. ಬಾಗಿಲು ಮುಚ್ಚಿ, ನೀರು ಕೊಟ್ಟು, “ಅಜ್ಜೀ, ದುಡ್ಡು ನಿಮಗೆ ಬೇಕಾ?” ಅಂದೆ. ತಲೆ ಅಡ್ಡ ಆಡಿಸಿ ಅತ್ತರು. ಆ ಚೀಟಿ ಹರಿದು ಹಾಕಿದೆವು. ಅದೇ ಕೌಂಟರಿನ ಮುಂದೆ ಬೇರೆಯವರೂ ಅದೇ ಕೈಯನ್ನು ನೋಡಿದ್ದರು, ಯಾರಿಗೂ ಏನೂ ಕಂಡಿರಲಿಲ್ಲ.

ಇದನ್ನು ಹೇಳಿ ಮುಗಿಸಿದಾಗ ಮನಶ್ಶಾಸ್ತ್ರಜ್ಞೆ ಸ್ವಲ್ಪ ಹೊತ್ತು ಬರೆಯಲಿಲ್ಲ. ಇಲ್ಲದಂತೆ ಮಾಡಬೇಕಾದದ್ದು ಈ ಗುಣವನ್ನಲ್ಲ, ಇದರ ಸುತ್ತಲಿನ ಗದ್ದಲವನ್ನು ಅಂತ ಅವತ್ತಿನಿಂದ ಇಬ್ಬರೂ ಕೆಲಸ ಮಾಡಿದೆವು. ಆಫೀಸಿನಿಂದ ಬಂದ ಕೂಡಲೇ ಅರ್ಧ ಗಂಟೆ ಯಾರ ಜೊತೆಗೂ ಮಾತಿಲ್ಲ. ಅತ್ತೆಗೂ ಮಗಳಿಗೂ ಕೂರಿಸಿಕೊಂಡು ಹೇಳಿದೆ, ಇದು ಕೋಪ ಅಲ್ಲ ಅಂತ. ಆ ಅರ್ಧ ಗಂಟೆ ಆದ ಮೇಲೆ ಪುಟ್ಟಿಯ ಸುದ್ದಿ ಪೂರ್ತಿ ಕೇಳುತ್ತೇನೆ. ಮದುವೆಗಳಿಗೆ ಹೋಗುತ್ತೇನೆ, ಧಾರೆಗೆ ನಿಂತು ಊಟ ಮುಗಿಸಿ ಬರುತ್ತೇನೆ, ಇಡೀ ದಿನ ಇರುವುದಿಲ್ಲ. ಎದುರಿಗಿರುವವರ ಕೋಪ ಮೈಗೆ ಏರುವಾಗ ಎರಡೂ ಪಾದ ನೆಲಕ್ಕೆ ಒತ್ತಿ ‘ಇದು ಅವರದು’ ಅಂತ ಮನಸ್ಸಿನಲ್ಲಿ ಹೇಳಿಕೊಳ್ಳುವುದು ರೂಢಿಯಾಗಲು ತಿಂಗಳುಗಳೇ ಬೇಕಾದವು.

ಛತ್ರದ ವಿಷಯಕ್ಕೆ ಕಾನೂನು ಓದಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಬಡಾವಣೆಯಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಮುಚ್ಚಿದ ಹಾಲಿನ ಒಳಗಿನದಕ್ಕೆ ನಿಯಮ ಬೇರೆ. ಅಂಗಳದಲ್ಲಿ ಡಿಜೆ ಹಾಕಿದಾಗ ನಮ್ಮನೆಯವರು 112ಕ್ಕೆ ಫೋನ್ ಮಾಡಿದರು, ಪೊಲೀಸರು ಬಂದಾಗ ನಿಂತಿತು, ಮುಂದಿನ ಮುಹೂರ್ತಕ್ಕೆ ಮತ್ತೆ ಶುರುವಾಯಿತು. ಕೊನೆಗೆ ಮನೆಯನ್ನೇ ಬದಲಿಸಿದೆವು. ಅಡ್ವಾನ್ಸು, ಸಾಮಾನು ಸಾಗಿಸುವ ಖರ್ಚು ಹೊರೆಯಾಯಿತು ನಿಜ, ಆದರೆ ಇಷ್ಟರಲ್ಲೂ ನನಗೆ ಹೆಚ್ಚು ನಿದ್ದೆ ಕೊಟ್ಟದ್ದು ಅದೇ.

ವೈದ್ಯರು, ಪರೀಕ್ಷೆ, ಮಾತ್ರೆ, ಸೆಷನ್ ಎಲ್ಲ ಸೇರಿ ಖರ್ಚು 30 ಸಾವಿರ ದಾಟಿತು. ವಿಮೆಯಿಂದ ಏನೂ ಬರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು ಅನ್ನುತ್ತದೆ. ಆದರೆ ನನ್ನ ಪಾಲಿಸಿಯಲ್ಲಿ ಆಸ್ಪತ್ರೆಗೆ ದಾಖಲಾಗದೆ ಮಾಡಿಸಿದ ಯಾವ ಚಿಕಿತ್ಸೆಗೂ ಹಣವಿಲ್ಲ, ಅದು ಕಾಲು ಮುರಿದರೂ ಅಷ್ಟೇ. ಹೊರರೋಗಿ ಖರ್ಚು ಕೊಡುವ ಪಾಲಿಸಿಯೇ ಅಂತ ಮೊದಲು ನೋಡಿಕೊಳ್ಳಿ, ಬಿಲ್ಲುಗಳನ್ನು ಎಸೆಯಬೇಡಿ.

ಇನ್ನು ಆಫೀಸು. ಕೌಂಟರಿನಿಂದ ಬೇರೆ ಕಡೆ ಹಾಕಿ ಅಂತ ಅರ್ಜಿ ಕೊಟ್ಟರೆ, ರೋಗದ ಹೆಸರಿರುವ ವೈದ್ಯಕೀಯ ಪತ್ರ ತನ್ನಿ ಅಂದರು. ಇಲ್ಲಿ ನನಗೆ ಕೈಕಾಲು ಆಡಲಿಲ್ಲ. ಸೂಕ್ಷ್ಮ ಸ್ವಭಾವಕ್ಕೆ ಪತ್ರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲೂ ಅದು ಬರುವುದಿಲ್ಲ. ಆತಂಕದ ಪತ್ರ ಕೊಟ್ಟರೆ ಇಡೀ ಶಾಖೆಗೆ ಸುದ್ದಿಯಾಗುತ್ತದೆ ಅನ್ನುವ ಹೆದರಿಕೆ. ಮನೋವೈದ್ಯರು ದಾರಿ ತೋರಿಸಿದರು: ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಅನ್ನುವುದು ಅದೇ 2017ರ ಕಾಯ್ದೆ ಕೊಟ್ಟ ಹಕ್ಕು, ಎಲ್ಲವನ್ನೂ ಆಫೀಸಿಗೆ ಬಿಚ್ಚಿಡಬೇಕಾಗಿಲ್ಲ. ನರರೋಗ ತಜ್ಞರಿಂದ ಮೈಗ್ರೇನ್ ಪತ್ರ ತೆಗೆದುಕೊಂಡೆ, ಅದರಲ್ಲಿ ‘ಜೋರು ಸದ್ದು ಮತ್ತು ಮಿಣುಕುವ ಬೆಳಕಿನಿಂದ ದೂರ ಕೂರಿಸುವುದು’ ಅಂತ ಬರೆಸಿದೆ. ಅದಕ್ಕೆ ಕಿವಿ ಪರೀಕ್ಷೆಯ ವರದಿಯ ಪ್ರತಿ ಲಗತ್ತಿಸಿದೆ. ನೀವು ಬರೆಸುವಾಗಲೂ ರೋಗದ ಹೆಸರಷ್ಟೇ ಅಲ್ಲ, ಏನು ಬದಲಾಗಬೇಕು ಅನ್ನುವುದನ್ನೂ ಬಿಡಿಸಿ ಬರೆಸಿ. ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನನ್ನ ಮೊದಲ ಅರ್ಜಿ ಯಾರ ಮೇಜಿನ ಮೇಲೂ ಸಿಗಲಿಲ್ಲ, ಮುದ್ರೆ ಇದ್ದದ್ದರಿಂದ ಮತ್ತೆ ಕೇಳಲು ಸಾಧ್ಯವಾಯಿತು.

ತಿಂಗಳುಗಳ ಮೇಲೆ ಸಾಲದ ಕಡತಗಳ ವಿಭಾಗಕ್ಕೆ ಹಾಕಿದರು. ಹಿಂದಿನ ಕೋಣೆ, ಕಿಟಕಿ ಪಕ್ಕದ ಕುರ್ಚಿ, ಎಲ್‌ಇಡಿ ದೀಪ. ಕೆಲಸ ಕಡಿಮೆಯೇನಿಲ್ಲ, ಆದರೆ ಸಂಜೆ ಮನೆಗೆ ಹೋಗುವಾಗ ನನ್ನಲ್ಲಿ ನಾನು ಉಳಿದಿರುತ್ತೇನೆ. ಮ್ಯಾನೇಜರನ್ನು ಇನ್ನೊಂದು ಕೇಳಿಕೊಂಡಿದ್ದೇನೆ: ನವೆಂಬರಿನಲ್ಲಿ ಬೆಳಗಿನ ಹೊತ್ತು ಜೀವನ ಪ್ರಮಾಣ ಪತ್ರದ ಮೇಜಿಗೆ ನನ್ನನ್ನೇ ಕೂರಿಸಿ ಅಂತ. ಮೇಜನ್ನು ಟೋಕನ್ ಸ್ಪೀಕರಿನಿಂದ ದೂರ, ಅವರ ಕೋಣೆಯ ಬಾಗಿಲ ಹತ್ತಿರ ಹಾಕಿಸಿಕೊಡಲು ಒಪ್ಪಿದ್ದಾರೆ. ಮಧ್ಯಾಹ್ನ ಒಂದಕ್ಕೆ ನಾನು ಕಡತಗಳ ಕೋಣೆಗೆ ವಾಪಸ್.